ಕಾಜಣ್ಣನ ಮೌನದ ವಾರ

ಕಾಜಣ್ಣ ತೀರಿಕೊಂಡ ಸುದ್ದಿ ಹೊಲಿಗೆ ಅಂಗಡಿಗೆ ಬಂದದ್ದು ಗುರುವಾರ ಬೆಳಿಗ್ಗೆ, ಒಂಬತ್ತೂವರೆಯ ಸುಮಾರಿಗೆ. ಮಾಸ್ಟರ್ ಆಗ ನೀಲಿ ಬಟ್ಟೆಯ ಎಂಟು ಪದರಗಳನ್ನು ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ತೋಳಿನ ಗೆರೆ ಎಳೆದು, ದೊಡ್ಡ ಕತ್ತರಿಯನ್ನು ಅರ್ಧದವರೆಗೆ ಓಡಿಸಿದ್ದರು. ಅಂಗಡಿಯ ಯಜಮಾನರು ಒಳಗೆ ಬಂದರು. ಮಾತು ಮುಗಿದಿದ್ದರೂ ಫೋನು ಇನ್ನೂ ಅವರ ಕೈಯಲ್ಲೇ ಇತ್ತು.

“ಮಿಷನ್ ನಿಲ್ಸಿ,” ಎಂದರು. “ಕಾಜಣ್ಣ ತೀರ್ಕೊಂಡನಂತೆ. ನಿನ್ನೆ ಸಂಜೆ. ಮನೇಲೇ.”

ಮಿಷನ್ನಿನ ಮುಂದೆ ಕೂತಿದ್ದ ಉದ್ದಣ್ಣನ ಕಾಲು ಇನ್ನೂ ನಾಲ್ಕು ಸಲ ಪೆಡಲ್ ತುಳಿದು ಆಮೇಲೆ ನಿಂತಿತು. ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಎತ್ತಿ ಹಿಡಿದವಳು ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸುತ್ತ ನೋಡಿದಳು. “ನಿನ್ನೆ ಮೂರು ಗಂಟೆವರೆಗೆ ಇಲ್ಲೇ ಇದ್ನಲ್ಲ,” ಎಂದಳು.

ಅರ್ಧ ಕತ್ತರಿಸಿದ ಬಟ್ಟೆಯನ್ನು ಬಿಟ್ಟು ಏಳಬಾರದು, ಪದರ ಜರುಗುತ್ತದೆ ಎಂದು ಮೂವತ್ತೈದು ವರ್ಷಗಳಿಂದ ಎಲ್ಲರಿಗೂ ಹೇಳುತ್ತ ಬಂದವರು ಮಾಸ್ಟರ್. ಆ ದಿನ ಅವರೇ ಕತ್ತರಿಯನ್ನು ಬಟ್ಟೆಯೊಳಗೆ ಹಾಗೆಯೇ ಬಿಟ್ಟು, ಗೋಡೆಗೆ ಒರಗಿಸಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಎದುರಿನ ಕಿಟಕಿಯ ಕೆಳಗೆ ಕಾಜಣ್ಣನ ಜಾಗವಿತ್ತು. ಒಂದು ಚಾಪೆ, ಒಂದು ತಲೆದಿಂಬು, ಗುಂಡಿಗಳನ್ನು ಬಣ್ಣದ ಪ್ರಕಾರ ಹಾಕಿಟ್ಟ ಏಳು ತಗಡಿನ ಡಬ್ಬಿ. ಗುಂಡಿ ತೂರುವ ಕಾಜ ಇನ್ನೂ ಆಗದ ಹನ್ನೆರಡು ಅಂಗಿಗಳು ಮಡಿಚಿ ಪಕ್ಕಕ್ಕೆ ಇದ್ದವು.

ಆ ಅಂಗಡಿಯಲ್ಲಿ ಆಸ್ಪತ್ರೆ, ಕಾರ್ಖಾನೆಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದರು. ಬಟ್ಟೆ ಕತ್ತರಿಸುವುದು ಮಾಸ್ಟರ್ ಕೆಲಸ, ಹೊಲಿಯುವುದು ಉದ್ದಣ್ಣನದು, ಇಸ್ತ್ರಿ ಹಾಕಿ ಕಟ್ಟುವುದು ಅಕ್ಕನದು. ಕಾಜ ಹೊಲಿದು ಗುಂಡಿ ಹಚ್ಚುವವನು ಕಾಜಣ್ಣ. ಕಾಜ ಹಾಕುವ ಯಂತ್ರವೊಂದನ್ನು ಯಜಮಾನರು ತಂದಿದ್ದರು; ದಪ್ಪ ಬಟ್ಟೆಯ ಮೇಲೆ ಅದು ಎಳೆ ಬಿಚ್ಚಿಕೊಳ್ಳುವಂತೆ ಹೊಲಿಯುತ್ತಿತ್ತು. ಮೂರು ತಿಂಗಳಿಗೆ ಅದರ ಮೇಲೆ ಮುಸುಕು ಬಿತ್ತು. ಕಾಜಣ್ಣ ಅದನ್ನು ತನ್ನ ಬೆನ್ನು ಒರಗಿಸಿಕೊಳ್ಳಲು ಬಳಸುತ್ತಿದ್ದ. “ಇದಾದ್ರೂ ಒಂದು ಉಪಯೋಗಕ್ಕೆ ಬಂತಲ್ಲ,” ಎನ್ನುತ್ತಿದ್ದ.

ಹತ್ತು ಗಂಟೆಗೆ ನಾಲ್ವರೂ ಅವನ ಮನೆಗೆ ಹೋದರು. ಎರಡನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮೆಟ್ಟಿಲ ತುಂಬ ಚಪ್ಪಲಿಗಳು. ಒಳಗೆ ಅವನನ್ನು ಮಲಗಿಸಿದ್ದರು. ಮುಖದಲ್ಲಿ ಏನೋ ಹೇಳಲು ಹೊರಟವನ ಹಾಗೆ ತುಟಿ ಸ್ವಲ್ಪ ಬಿಚ್ಚಿಕೊಂಡಿತ್ತು. ಮಾಸ್ಟರ್ ಆ ತುಟಿಯನ್ನು ನೋಡಿ ಕಣ್ಣು ತೆಗೆದುಕೊಂಡರು. ಬಾಯಲ್ಲಿ ದೇವರ ಹೆಸರು ತಂದುಕೊಳ್ಳಲು ನೋಡಿದರು. ನಾಲಿಗೆ ಹೊರಳಲಿಲ್ಲ.

ಅಂತ್ಯಕ್ರಿಯೆ ಮುಗಿಸಿ ಅವನ ಮನೆಗೆ ಹಿಂದಿರುಗಿದ ಮೇಲೆ, ಸಂಜೆ ನಾಲ್ಕರ ಹೊತ್ತಿಗೆ, ಕಾಜಣ್ಣನ ಹೆಂಡತಿ ಮಾಸ್ಟರನ್ನು ಅಡುಗೆಮನೆಯ ಬಾಗಿಲ ಹತ್ತಿರ ಕರೆದಳು. ಅವಳು ಅವರನ್ನು ಅಣ್ಣ ಎನ್ನುತ್ತಿದ್ದಳು, ಮದುವೆಯಾಗಿ ಬಂದ ವರ್ಷದಿಂದಲೂ.

“ಅಣ್ಣ, ಒಂದು ವಿಷಯ ಕೇಳ್ತೀನಿ. ಇವರ ಅಂಗಿ ಮೇಲಿನ ಗುಂಡಿಗೆ ಬಿಳಿ ದಾರ ಸುತ್ತಿ ಗಂಟು ಹಾಕಿತ್ತು. ಉಸಿರು ಕಟ್ತಿದೆ ಅಂದಾಗ ನಾನು ಬಿಚ್ಚೋಕೆ ಹೋದೆ, ಬರಲಿಲ್ಲ. ಡಾಕ್ಟರು ಬಂದು ಅಂಗೀನೇ ಹರಿದ್ರು. ಅದೇನು ದಾರ?”

ಆ ಗಂಟು ಹಾಕಿದ್ದು ಮಾಸ್ಟರೇ.

“ಕೆಲಸದ ದಾರ ಇರ್ಬೇಕು, ತಂಗಿ. ಸುತ್ಕೊಂಡಿರುತ್ತೆ.”

“ಸುತ್ಕೊಂಡಿರಲಿಲ್ಲ. ಮೂರು ಗಂಟು ಇತ್ತು.”

“ಗೊತ್ತಿಲ್ಲಮ್ಮ,” ಎಂದರು ಮಾಸ್ಟರ್. ಅಷ್ಟರಲ್ಲಿ ಯಾರೋ ಅವಳನ್ನು ಒಳಗೆ ಕರೆದರು. ಅರವತ್ತೇಳು ವರ್ಷದ ಮನುಷ್ಯ, ಬೆಳಗೆದ್ದು ದೇವರ ಮುಂದೆ ಕೈಮುಗಿಯದೆ ನೀರು ಕುಡಿದವರಲ್ಲ. ಅಂಥವರು ಸಾವಿನ ಮನೆಯಲ್ಲಿ ನಿಂತು ಸುಳ್ಳು ಹೇಳಿ ಮೆಟ್ಟಿಲಿಳಿದರು.

ಆ ದಾರದ ಕಥೆಗೆ ಒಂದು ಧಾರಾವಾಹಿಯೇ ಮೂಲ.

ಹೆಸರು ‘ಕಲ್ಲುದ್ವೀಪ’. ಪ್ರತಿ ಶುಕ್ರವಾರ ಸಂಜೆ ಏಳಕ್ಕೆ ಟೀವಿಯಲ್ಲಿ ಬರುತ್ತಿತ್ತು. ಹಡಗೊಂದು ಮುಳುಗಿ, ಬದುಕಿದ ಹನ್ನೊಂದು ಜನ ಒಂದು ಬರಡು ದ್ವೀಪದ ಮೇಲೆ ಬಿದ್ದಿದ್ದಾರೆ. ಗಿಡವಿಲ್ಲ, ನೆರಳಿಲ್ಲ, ಬಂಡೆ ಮತ್ತು ಸಮುದ್ರದ ಹಕ್ಕಿಗಳು ಮಾತ್ರ. ಮಳೆ ಬಂದರೆ ನೀರು. ಹಡಗಿನ ಕಪ್ತಾನ ಎಲ್ಲರನ್ನೂ ಗದರಿಸಿ ಸಾಲಿನಲ್ಲಿ ನಿಲ್ಲಿಸಿ ಬದುಕಿಸುತ್ತಿದ್ದಾನೆ. ಹಡಗಿನ ಅಡುಗೆಯವನು ಅವನಿಗೆ ಎದುರು. ಇದ್ದುದನ್ನು ಪಾಲು ಮಾಡಿ ಬಡಿಸುವವನು ಅಡುಗೆಯವನೇ ಆದ್ದರಿಂದ ಜನ ಅವನ ಮುಖ ನೋಡುತ್ತಾರೆ. ಕಪ್ತಾನನಿಗೆ ಅದು ಸಹಿಸದು.

ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವುದೇ ತಡ, ಶುರುವಾಗುತ್ತಿತ್ತು. ಮಾಸ್ಟರ್ ಕಪ್ತಾನನ ಕಡೆ. ಕಾಜಣ್ಣ ಅಡುಗೆಯವನ ಕಡೆ.

“ನಿಮ್ಮ ಕಪ್ತಾನ ಹಡಗು ಮುಳುಗಿಸಿದ್ದೇ ದೊಡ್ಡ ಸಾಧನೆ, ಮಾಸ್ಟ್ರೇ,” ಎಂದು ಕಾಜಣ್ಣ ಸೂಜಿಗೆ ದಾರ ಪೋಣಿಸುತ್ತಲೇ ಮೊದಲು ಮಾಡುತ್ತಿದ್ದ. “ಈಗ ಬಂಡೆ ಮೇಲೆ ನಿಂತು ಅಧಿಕಾರ. ಬಂಡೆ ಮುಳುಗಿಸೋಕಾಗಲ್ಲ ಅಂತ ಜನಾನ ಮುಳುಗಿಸ್ತಾ ಇದ್ದಾನೆ.”

“ಗದರಿಸೋನು ಒಬ್ಬ ಇರಬೇಕಯ್ಯ. ಇಲ್ದಿದ್ರೆ ಹನ್ನೊಂದು ಜನ ಹನ್ನೊಂದು ದಿಕ್ಕಿಗೆ ಹೋಗ್ತಾರೆ. ನಿನ್ನ ಅಡುಗೆಯವನು ಏನ್ ಮಾಡ್ತಾನೆ? ಎಲ್ಲರ ಹತ್ರ ಒಳ್ಳೆಯವನಾಗ್ತಾನೆ. ಒಳ್ಳೆಯವನಾಗೋದು ಸುಲಭ.”

“ಅವನು ಎಲ್ಲರಿಗೂ ಬಡಿಸಿ ಕೊನೇಲಿ ಉಣ್ಣೋನು. ನೀವು ಗಮನಿಸಿದ್ರಾ? ಆರನೇ ವಾರ ಅವನ ತಟ್ಟೇಲಿ ಏನೂ ಇರಲಿಲ್ಲ. ತಟ್ಟೆ ಒರೆಸೋ ಹಾಗೆ ನಟನೆ ಮಾಡ್ದ.”

“ಅದೇ ನಟನೆ ಅಂತೀನಿ ನಾನು. ಜನ ನೋಡ್ಲಿ ಅಂತ.”

“ಕತ್ತರಿ ಹಿಡಿದವರಿಗೆ ಕಪ್ತಾನನೇ ಕಾಣೋದು. ಕೊನೇಲಿ ಕೂತು ಗುಂಡಿ ಹಚ್ಚೋನ ಕಷ್ಟ ನಿಮಗೆಲ್ಲಿ ಗೊತ್ತು? ನೀವು ತಡ ಮಾಡಿದ್ರೂ, ಉದ್ದಣ್ಣ ತಡ ಮಾಡಿದ್ರೂ, ಯಜಮಾನ್ರು ಬಂದು ಕೇಳೋದು ನನ್ನನ್ನ. ‘ಇನ್ನೂ ಗುಂಡಿ ಆಗಿಲ್ವಾ?’”

“ನನ್ನ ಹೆಸರು ಯಾಕಪ್ಪ ಎಳೀತೀಯ,” ಎನ್ನುತ್ತಿದ್ದ ಉದ್ದಣ್ಣ. ಅವನಿಗೆ ದ್ವೀಪದ ವ್ಯಾಪಾರಿಯ ಮೇಲೆ ಒಲವು. ಆ ವ್ಯಾಪಾರಿ ಯಾರ ಕಡೆಗೂ ಸೇರದೆ ಎರಡೂ ಕಡೆಯ ಊಟ ಉಣ್ಣುತ್ತಿದ್ದ.

ಇಸ್ತ್ರಿ ಅಕ್ಕನಿಗೆ ಮೂವರ ಮೇಲೂ ತಾತ್ಸಾರ. “ಆ ಹಡಗಿನ ದಾದಿ ಇಲ್ದಿದ್ರೆ ನಿಮ್ಮ ಕಪ್ತಾನ, ನಿಮ್ಮ ಅಡುಗೆಯವನು ಎಲ್ರೂ ಮೂರನೇ ವಾರಾನೇ ಹೋಗ್ತಿದ್ರು. ಹುಣ್ಣು ತೊಳೆಯೋಕೆ ಒಬ್ಳು ಹೆಂಗಸು, ಜಗಳ ಆಡೋಕೆ ಹತ್ತು ಗಂಡಸರು. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.”

ಜಗಳ ಹೆಚ್ಚಾಗಿ ಒಂದು ದಿನ ಕಾಜಣ್ಣ ಆಸ್ಪತ್ರೆಯ ಆರು ಕೋಟುಗಳಿಗೆ ಎಡಬಲ ತಿರುವಿ ಕಾಜ ಹೊಲಿದುಬಿಟ್ಟ. ಯಜಮಾನರು ರೇಗಿದರು. “ಇಬ್ರಲ್ಲಿ ಒಬ್ರಾದ್ರೂ ಬಾಯಿ ಮುಚ್ಚಿದ್ರೆ ಕೆಲಸ ಆಗುತ್ತೆ. ಯಾರು ಮುಚ್ತೀರೋ ನೀವೇ ನೋಡ್ಕೊಳ್ಳಿ,” ಎಂದು ಹೋದರು.

ಆಗ ಹುಟ್ಟಿದ್ದು ಆ ನಿಯಮ. ಪ್ರತಿ ಶುಕ್ರವಾರ ಬೆಳಿಗ್ಗೆ ಮಾಸ್ಟರ್ ಮತ್ತು ಕಾಜಣ್ಣ, ಆ ಸಂಜೆ ಯಾರು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ತಮ್ಮ ತಮ್ಮ ಮಾತು ಹೇಳಬೇಕು. ಸಂಜೆಯ ಕಂತಿನಲ್ಲಿ ಯಾರ ಮಾತು ಸುಳ್ಳಾಗುತ್ತದೋ ಅವರು ಮುಂದಿನ ಗುರುವಾರದವರೆಗೆ ಅಂಗಡಿಯಲ್ಲಿ ಮೌನ. ಬೆಳಿಗ್ಗೆ ಹೊಸ್ತಿಲು ದಾಟಿದ ಕೂಡಲೇ ಗೆದ್ದವರು ಸೋತವರ ಅಂಗಿಯ ಮೇಲಿನ ಗುಂಡಿಗೆ ಬಿಳಿ ದಾರ ಸುತ್ತಿ ಮೂರು ಗಂಟು ಹಾಕಬೇಕು. ಸಂಜೆ ಬೀಗ ಹಾಕುವಾಗ ಗೆದ್ದವರೇ ಅದನ್ನು ಕತ್ತರಿಸಬೇಕು. ದಾರ ಇರುವಷ್ಟು ಹೊತ್ತು ಒಂದಕ್ಷರ ಆಡಕೂಡದು. ಇಸ್ತ್ರಿ ಅಕ್ಕ ಅದಕ್ಕೆ ‘ಬಾಯಿ ಹೊಲಿಗೆ’ ಎಂದು ಹೆಸರಿಟ್ಟಳು.

ಮಾಸ್ಟರ್ ಸೋತ ವಾರ ನಿಯಮ ಸಡಿಲವಾಗುತ್ತಿತ್ತು. ಅಳತೆ ಕೊಡಲು ಗಿರಾಕಿ ಬರುತ್ತಿದ್ದರು, ಮಾತಾಡಲೇಬೇಕಾಗುತ್ತಿತ್ತು. ಕಾಜಣ್ಣ ಮಾತ್ರ ಪಂದ್ಯವನ್ನು ವ್ರತದಂತೆ ಹಿಡಿದವನು. ಒಮ್ಮೆ ಸೂಜಿ ಉಗುರಿನೊಳಗೆ ಇಳಿದಾಗಲೂ ಹಲ್ಲು ಕಚ್ಚಿ, ಬೆರಳನ್ನು ನೀರಿನಲ್ಲಿ ಅದ್ದಿ, ಮತ್ತೆ ಬಂದು ಕೂತಿದ್ದ. ಅಂಗಡಿಯಲ್ಲಿ ಅದನ್ನು ಹೊಗಳಿಕೊಂಡು ಓಡಾಡಿದವರು ಮಾಸ್ಟರೇ.

ಬಾಯಿಗೆ ದಾರ ಬಿದ್ದರೂ ಅವನ ವಾದ ನಿಲ್ಲುತ್ತಿರಲಿಲ್ಲ. ಧಾರಾವಾಹಿಯ ಅಡುಗೆಯವನಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ಅವನ ಮೇಲೆ ತಪ್ಪು ಹೊರಿಸಿದರೆ ಮಾತಾಡದೆ ಬಲಗೈಯನ್ನು ಎದೆಯ ಮೇಲೆ ಒತ್ತಿ ಹಿಡಿದು ಎದುರಿನವರನ್ನೇ ನೋಡುತ್ತಿದ್ದ. ಕಾಜಣ್ಣ ಅದನ್ನೇ ಕಲಿತಿದ್ದ. ಮಾಸ್ಟರ್ ಕಪ್ತಾನನನ್ನು ಹೊಗಳಿದರೆ ಸಾಕು, ಕಿಟಕಿಯ ಕೆಳಗಿನಿಂದ ಕೈ ಎದೆಗೆ ಹೋಗುತ್ತಿತ್ತು, ಕಣ್ಣು ಅಗಲವಾಗುತ್ತಿತ್ತು. ಉದ್ದಣ್ಣ ನಕ್ಕು ನಕ್ಕು ಹೊಲಿಗೆ ಬಿಡುತ್ತಿದ್ದ.

ಕಾಜಣ್ಣ ಸಾಯುವ ಮುಂಚಿನ ಶುಕ್ರವಾರದ ಕಂತಿನಲ್ಲಿ ಕಪ್ತಾನ ಬಂಡೆಯ ಸೀಳಿನೊಳಗೆ ಬಚ್ಚಿಟ್ಟ ನೀರಿನ ಪೀಪಾಯಿಯನ್ನು ಕಂಡುಹಿಡಿದ. ಪಕ್ಕದಲ್ಲಿ ಅಡುಗೆಯವನು; ಅವನ ತುಟಿ, ಗದ್ದ ಒದ್ದೆ. ಕೈ ಎದೆಗೆ ಹೋಯಿತು, ಕಂತು ಮುಗಿಯಿತು. ‘ಅವನು ಕದ್ದು ಒಂದು ಹನಿ ಕುಡಿಯೋನಲ್ಲ’ ಎಂಬುದು ಕಾಜಣ್ಣನ ಮಾತಾಗಿತ್ತು. ಸೋತ. ಶನಿವಾರ ಒಂದು ಮಾತೂ ಆಡದೆ ಬಂದು ಕುತ್ತಿಗೆ ಚಾಚಿ ನಿಂತ.

ಶನಿವಾರ, ಸೋಮವಾರ, ಮಂಗಳವಾರ ಹಾಗೆ ಕಳೆದವು. ಬುಧವಾರ ಬೆಳಿಗ್ಗೆ ಅವನು ಹದಿನೈದು ನಿಮಿಷ ತಡವಾಗಿ ಬಂದ. ಮಾಸ್ಟರ್ ಬೆರಳಿಗೆ ದಾರ ಸುತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. ಅವನು ಹೊಸ್ತಿಲ ಒಳಗೆ ಒಂದು ಕಾಲಿಟ್ಟು, “ಮಾಸ್ಟ್ರೇ, ಒಂದು” ಎಂದ.

“ಕಾಲು ಒಳಗೆ ಬಂತು. ಇನ್ನು ಮಾತಿಲ್ಲ,” ಎಂದರು ಮಾಸ್ಟರ್.

ಅವನು ಒಂದು ಕ್ಷಣ ನಿಂತ. ಕಾಲನ್ನು ಹಿಂದಕ್ಕೆ ತೆಗೆಯಬಹುದಿತ್ತು. ತೆಗೆಯಲಿಲ್ಲ. ಗಂಟು ಹಾಕುವಾಗ ಅವನ ಕುತ್ತಿಗೆ ಬೆವರಿದ್ದು ಮಾಸ್ಟರ್ ಬೆರಳಿಗೆ ತಗುಲಿತು. ಓಡಿ ಬಂದಿದ್ದಾನೆ ಎಂದುಕೊಂಡರು.

ಹನ್ನೆರಡರ ಹೊತ್ತಿಗೆ ಮಾಸ್ಟರ್ ತಮ್ಮ ಗೆಲುವನ್ನು ಇನ್ನೊಮ್ಮೆ ಸವಿಯುತ್ತ, “ಏನಯ್ಯ, ನಿನ್ನ ಅಡುಗೆಯವನ ಗಂಟಲು ಈಗ ತಣ್ಣಗಾಯ್ತಾ?” ಎಂದರು. ಕಾಜಣ್ಣ ತಲೆ ಎತ್ತಿದ. ಬಲಗೈಯನ್ನು ಎದೆಯ ಮೇಲೆ ಒತ್ತಿ ಹಿಡಿದ. ಕಣ್ಣು ಅಗಲ ಮಾಡಿ ಮಾಸ್ಟರನ್ನೇ ನೋಡಿದ. ತುಟಿ ಅಲುಗಿತು.

ಉದ್ದಣ್ಣ ನಕ್ಕ. ಇಸ್ತ್ರಿ ಅಕ್ಕ, “ಇವತ್ತು ಚೆನ್ನಾಗಿ ಮಾಡ್ದ, ಥೇಟ್ ಅವನೇ,” ಎಂದಳು. ಮಾಸ್ಟರ್ ಬೆರಳನ್ನು ತಮ್ಮ ತುಟಿಯ ಮೇಲಿಟ್ಟು, “ದಾರ ಇದೆ, ದಾರ,” ಎಂದರು.

ಕೈ ಕೆಳಗಿಳಿಯಿತು. ಮೂರು ಗಂಟೆಗೆ ಅವನು ಅಂಗಿಗಳನ್ನು ಮಡಿಚಿಟ್ಟು, ಯಾರಿಗೂ ಸನ್ನೆ ಕೂಡ ಮಾಡದೆ, ದಾರ ಕತ್ತರಿಸಲು ಕಾಯದೆ ಹೊರಟ. “ಮುನಿಸ್ಕೊಂಡ,” ಎಂದ ಉದ್ದಣ್ಣ. “ಮುನಿಸ್ಕೊಳ್ಳಲಿ ಬಿಡು, ನಾಳೆ ಸರಿಯಾಗ್ತಾನೆ,” ಎಂದರು ಮಾಸ್ಟರ್. ಅವರು ಅಂದುಕೊಂಡ ನಾಳೆ ಬರಲಿಲ್ಲ.

ಗುರುವಾರ ಸಾವಿನ ಮನೆಯಿಂದ ಬಂದ ಮೇಲೆ ಮಾಸ್ಟರ್ ಉಣ್ಣಲಿಲ್ಲ. ಶುಕ್ರವಾರ ಬೆಳಿಗ್ಗೆ ಎದ್ದು ಸ್ನಾನ ಮಾಡಿ ದೇವರ ಮುಂದೆ ಕೂತರು. ಮನೆಯವರ ಹೆಸರು ಹೇಳಿ, ಅಕ್ಕಪಕ್ಕದವರ ಹೆಸರು ಹೇಳಿ, ಅಗಲಿದವರ ಹೆಸರಿಗೆ ಬಂದಾಗ ನಿಂತರು. ತಂದೆ, ತಾಯಿ, ಸಣ್ಣವಳಿದ್ದಾಗಲೇ ಹೋದ ತಂಗಿ, ಎಲ್ಲರ ಹೆಸರೂ ಬಂತು. ಕಾಜಣ್ಣನ ಹೆಸರು ಮಾತ್ರ ಬರಲಿಲ್ಲ. ಹೇಗೆ ಬೇಡುವುದು? ಅವನ ಹೆಂಡತಿಗೆ ಹೇಳಿದ ಸುಳ್ಳು ನಡುವೆ ಬಂದು ಕೂತಿದೆ. ಮೂರು ಸಲ ಪ್ರಯತ್ನಿಸಿ ಎದ್ದರು.

“ಏನಾಗಿದೆ ನಿಮಗೆ?” ಎಂದು ಹೆಂಡತಿ ಕೇಳಿದಳು. “ಪ್ರಾರ್ಥನೆ ಅರ್ಧಕ್ಕೆ ಬಿಟ್ಟು ಎದ್ದಿದ್ದು ನಾನು ನೋಡೇ ಇಲ್ಲ.”

ಅವರು ಹೇಳಿದರು. ದಾರ, ಹೊಸ್ತಿಲು, ಎದೆಯ ಮೇಲಿನ ಕೈ, ಎಲ್ಲವನ್ನೂ.

“ಅವಳಿಗೆ ಹೇಳಿದ್ರೆ ಏನು ಬರುತ್ತೆ?” ಎಂದಳು ಹೆಂಡತಿ. “ಗಾಯದ ಮೇಲೆ ಇನ್ನೊಂದು ಗಾಯ. ಹೇಳಿ ನಿಮ್ಮ ಎದೆ ಹಗುರ ಮಾಡ್ಕೊಳ್ತೀರಿ, ಅವಳದ್ದು ಭಾರ ಆಗುತ್ತೆ. ಯೋಚಿಸಿ.”

ಆ ಮಾತಿನಲ್ಲಿ ನಿಜವಿತ್ತು. ಅದನ್ನೇ ಹಿಡಿದುಕೊಂಡು ಅವರು ಒಂದು ದಿನ ಕಳೆದರು. ಹೇಳದಿರುವುದೇ ದೊಡ್ಡತನ ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಹೇಳಿಕೊಂಡಷ್ಟೂ ಅದು ತಮ್ಮ ಮಾನ ಉಳಿಸಿಕೊಳ್ಳುವ ಉಪಾಯದ ಹಾಗೆ ಕೇಳಿಸುತ್ತಿತ್ತು. ಆ ಸಂಜೆ ಏಳಕ್ಕೆ ಸೊಸೆ ಅಭ್ಯಾಸದಿಂದ ಟೀವಿ ಹಾಕಿದಳು. ಮಾಸ್ಟರ್ ಎದ್ದು ಹೊರಗೆ ಹೋಗಿ, ಗಲ್ಲಿಯ ಕೊನೆಯವರೆಗೆ ನಡೆದು, ಕಂತು ಮುಗಿಯುವಷ್ಟು ಹೊತ್ತು ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಬಂದರು.

ಶನಿವಾರ ಅಂಗಡಿ ತೆರೆಯಿತು. ಯಜಮಾನರು ಮುಸುಕು ತೆಗೆದು ಕಾಜದ ಯಂತ್ರವನ್ನು ಗೋಡೆಯ ಹತ್ತಿರ ಸರಿಸಿದ್ದರು. ಅದು ಕಟಕಟ ಎಂದು ಎರಡು ಅಂಗಿ ಹೊಲಿದು ಮೂರನೆಯದರಲ್ಲಿ ದಾರ ತುಂಡರಿಸಿತು. ಹನ್ನೊಂದರ ಚಹಾಕ್ಕೆ ಕೂತಾಗ ಉದ್ದಣ್ಣ ಲೋಟ ತಿರುಗಿಸುತ್ತ, “ನಿನ್ನೆ ನೋಡಿದ್ರಾ?” ಎಂದ, ಯಾರ ಮುಖವನ್ನೂ ನೋಡದೆ.

“ನಾನು ನೋಡಿಲ್ಲ,” ಎಂದರು ಮಾಸ್ಟರ್.

“ಆ ಬಂಡೆ ಸೀಳಿನೊಳಗೆ ಹನ್ನೆರಡನೆಯವನು ಒಬ್ಬ ಇದ್ನಂತೆ. ಹಡಗಿಗೆ ಕಲ್ಲಿದ್ದಲು ಹಾಕೋನು. ಮೈಯೆಲ್ಲ ಸುಟ್ಟು ಮಲಗಿದ್ದಾನೆ. ಕಪ್ತಾನನಿಗೆ ಗೊತ್ತಾದ್ರೆ ‘ಬದುಕೋನಲ್ಲ, ಇವನಿಗೆ ನೀರು ದಂಡ’ ಅಂತಾನೆ ಅಂತ ಅಡುಗೆಯವನು ಮುಚ್ಚಿಟ್ಟಿದ್ದ. ತನ್ನ ಪಾಲಿನ ನೀರೇ ಕೂಡಿಟ್ಟಿದ್ದು.”

“ಮತ್ತೆ ತುಟಿ ಒದ್ದೆ?” ಎಂದು ಮಾಸ್ಟರ್ ಕೇಳಿದರು. ಕೇಳಬಾರದೆಂದಿದ್ದರೂ ಬಾಯಿಗೆ ಬಂತು.

“ಉಪ್ಪುನೀರು ಸೇರಿದೆಯಾ ಅಂತ ರುಚಿ ನೋಡಿ ಉಗೀತಿದ್ದ. ಕುಡೀತಿರಲಿಲ್ಲ.”

ಇಸ್ತ್ರಿ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹಾಗಾದ್ರೆ ಕಾಜಣ್ಣ ಸೋತೇ ಇರಲಿಲ್ಲ,” ಎಂದಳು. “ದಾರ ಕಟ್ಟೋ ಹಾಗೇ ಇರಲಿಲ್ಲ. ನಾನೂ ನಕ್ಕೆ. ‘ಚೆನ್ನಾಗಿ ಮಾಡ್ದ’ ಅಂದೆ. ಎರಡು ದಿನದಿಂದ ಆ ಮಾತು ನನ್ನ ಕಿವೀಲಿ ಇದೆ, ಮಾಸ್ಟ್ರೇ.”

ಮೂವರಿಗೂ ಅದೇ ಮಧ್ಯಾಹ್ನ ಕಣ್ಣ ಮುಂದೆ ನಿಂತಿತ್ತು ಎಂಬುದು ಆಗ ಗೊತ್ತಾಯಿತು. ಉದ್ದಣ್ಣ ಮೆಲ್ಲಗೆ, “ಅವನ ಮನೇಲಿ ಗೊತ್ತಾ?” ಎಂದ.

“ಇಲ್ಲ. ಕೇಳಿದ್ಲು. ನಾನು ಗೊತ್ತಿಲ್ಲ ಅಂದೆ.”

“ಹೇಳಬೇಡಿ,” ಎಂದ ಉದ್ದಣ್ಣ. “ನಾವು ಮೂವರೂ ಹೇಳೋದು ಬೇಡ. ಆಗಿದ್ದು ಆಗಿಹೋಯ್ತು. ಆಟ ಅಂತ ತಾನೇ ಮಾಡಿದ್ದು?”

ಧಾರಾವಾಹಿಯಲ್ಲಿ ಯಾರು ಸರಿ ಎಂಬುದು ಮಾಸ್ಟರಿಗೆ ಈಗ ಮುಖ್ಯವಾಗಿರಲಿಲ್ಲ. ಕಾಜಣ್ಣ ಸೋತಿದ್ದರೂ ಆ ಕೈ ಎದೆಯ ಮೇಲೆ ಇದ್ದೇ ಇತ್ತು. ಹದಿನೆಂಟು ವಾರಗಳ ಕಾಲ, ಇಲ್ಲದ ಮನುಷ್ಯರ ಮನಸ್ಸಿನಲ್ಲಿ ಏನಿದೆ, ಅವರು ಹಾಗೇಕೆ ಮಾಡಿದರು, ಹೀಗೇಕೆ ನೋಡಿದರು ಎಂದು ಬಿಡಿಸಿ ಬಿಡಿಸಿ ನೋಡಿದ್ದರು. ಎಂಟು ಅಡಿ ದೂರದಲ್ಲಿ ಕೂತವನ ಮುಖವನ್ನು ಓದಲಿಲ್ಲ. ಲೋಟವನ್ನು ಕೆಳಗಿಟ್ಟು, “ನಾಳೆ ಹೋಗಿ ಹೇಳ್ತೀನಿ,” ಎಂದರು. “ನನ್ನ ಮಾತು ಮಾತ್ರ ಹೇಳ್ತೀನಿ. ನಿಮ್ಮ ಹೆಸರು ತೆಗೆಯಲ್ಲ.”

ಭಾನುವಾರ ಹನ್ನೊಂದು ಗಂಟೆಗೆ ಅವರು ಆ ಮೆಟ್ಟಿಲು ಹತ್ತಿದರು. ಚಪ್ಪಲಿಗಳು ಕಡಿಮೆಯಾಗಿದ್ದವು. ಕಾಜಣ್ಣನ ಮಗಳು ಬಾಗಿಲು ತೆರೆದು, “ಅಮ್ಮ, ಮಾಸ್ಟರ್ ದೊಡ್ಡಪ್ಪ ಬಂದಿದ್ದಾರೆ,” ಎಂದಳು. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು; ತಂದೆಯ ಅಂಗಿಗಳದೊಂದು ಬೇರೆ ರಾಶಿಯಿತ್ತು.

ತಾಯಿ ಬಂದು ಗೋಡೆಗೆ ಒರಗಿ ಕೂತಳು. ಮುಖ ಬತ್ತಿತ್ತು. ಮಾಸ್ಟರ್ ಮಾತು ಹುಡುಕುತ್ತಿರುವಾಗಲೇ ಅವಳು ಹೇಳತೊಡಗಿದಳು, ಯಾರಾದರೂ ಬರಲಿ ಎಂದು ಕಾಯುತ್ತಿದ್ದವಳ ಹಾಗೆ.

“ಬುಧವಾರ ಬೆಳಿಗ್ಗೆ ತಿಂಡಿ ಮುಟ್ಟಲಿಲ್ಲ, ಅಣ್ಣ. ಎದೆ ಹಿಡ್ಕೊಂಡ ಹಾಗಿದೆ ಅಂದ್ರು. ನಡೀರಿ ಆಸ್ಪತ್ರೆಗೆ ಅಂದೆ. ‘ನೀನು ಗಾಬರಿ ಆಗ್ಬೇಡ, ಮಾಸ್ಟ್ರಿಗೆ ಹೇಳ್ತೀನಿ, ಅವರನ್ನೇ ಕರ್ಕೊಂಡು ಹೋಗ್ತೀನಿ, ಅವರಿದ್ರೆ ನಂಗೆ ಧೈರ್ಯ’ ಅಂತ ಹೋದ್ರು. ಹೇಳಲೇ ಇಲ್ಲ ನೋಡಿ. ಹೇಳಿದ್ರೆ ನೀವು ಸುಮ್ನೆ ಕೂರ್ತಿದ್ರಾ? ಎತ್ಕೊಂಡಾದ್ರೂ ಹೋಗ್ತಿದ್ರಿ. ನಾಲ್ಕು ದಿನದಿಂದ ನಾನು ಅವರ ಮೇಲೆ ಕೋಪ ಮಾಡ್ಕೊಂಡು ಕೂತಿದೀನಿ. ಹೇಳೋ ಬಾಯಿ ಇರಲಿಲ್ವಾ, ನಮ್ಮ ನೆನಪು ಬರಲಿಲ್ವಾ, ಅಂತ. ಸತ್ತವರ ಮೇಲೆ ಯಾರಾದ್ರೂ ಕೋಪ ಮಾಡ್ಕೊಳ್ತಾರಾ? ನಾನು ಮಾಡ್ಕೊಳ್ತಾ ಇದೀನಿ.”

ಕಾಜಣ್ಣ ಹೊಸ್ತಿಲ ಮೇಲೆ ಹೇಳಹೊರಟ ಮಾತು ಯಾವುದೆಂದು ಮಾಸ್ಟರಿಗೆ ಈಗ ತಿಳಿಯಿತು. ಹೌದು ತಂಗಿ, ಅವನು ಹೇಳಲಿಲ್ಲ, ಅವನು ಯಾವಾಗಲೂ ಹಾಗೆಯೇ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಮತ್ತೆಂದೂ ಕೇಳುತ್ತಿರಲಿಲ್ಲ. ಬದುಕಿರುವವರೆಗೆ ಗಂಡನ ಮೇಲೆ ಆ ಕೋಪವನ್ನು ಇಟ್ಟುಕೊಂಡಿರುತ್ತಿದ್ದಳು, ಅಷ್ಟೆ.

“ಅವನ ಮೇಲೆ ಕೋಪ ಬೇಡ, ತಂಗಿ,” ಎಂದರು. “ಅವನು ಹೇಳೋಕೆ ನೋಡಿದ. ಎರಡು ಸಲ ನೋಡಿದ. ನಾನು ಬಿಡಲಿಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ಮಗಳ ಕೈ ಅಂಗಿಯ ಮೇಲೆ ನಿಂತಿತು.

ಮಾಸ್ಟರ್ ಮೊದಲಿನಿಂದ ಹೇಳಿದರು. ಧಾರಾವಾಹಿಯ ಪಂದ್ಯವನ್ನು ಹೇಳಿದರು. ದಾರದ ನಿಯಮ ಹೇಳಿದರು, ಆ ಮೂರು ಗಂಟು ತಮ್ಮದೇ ಎಂದರು. ಬುಧವಾರ ಬೆಳಿಗ್ಗೆ ‘ಮಾಸ್ಟ್ರೇ, ಒಂದು’ ಎಂದವನ ಬಾಯಿ ಮುಚ್ಚಿಸಿದ್ದು, ಮಧ್ಯಾಹ್ನ ಅವನು ಎದೆ ಹಿಡಿದುಕೊಂಡಾಗ ಅಡುಗೆಯವನ ನಟನೆ ಎಂದು ತಿಳಿದು ತುಟಿಯ ಮೇಲೆ ಬೆರಳಿಟ್ಟದ್ದು, ಗುರುವಾರ ಇದೇ ಮನೆಯಲ್ಲಿ ನಿಂತು ಸುಳ್ಳು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಯಾರು ನಕ್ಕರೆಂದು ಹೇಳಲಿಲ್ಲ. ಹೇಳುವಾಗ ಅಳಲೂ ಇಲ್ಲ. ಅತ್ತರೆ ಅವಳು ತಮ್ಮನ್ನೇ ಸಮಾಧಾನ ಮಾಡಬೇಕಾದೀತು ಎಂದು ಗಟ್ಟಿಯಾಗಿ ಕೂತರು.

ತಾಯಿ ತಲೆ ಎತ್ತಿ ಅವರನ್ನು ನೋಡಿದಳು.

“ಟೀವಿಯಲ್ಲಿ ಬರೋ ಯಾರೋ ಅಡುಗೆಯವನಿಗೋಸ್ಕರ,” ಎಂದಳು.

“ಹೌದು.”

“ಆಟ ನಿಮ್ದು. ಹೋದವರು ನನ್ನವರು.”

“ಹೌದು, ತಂಗಿ.”

“ಒಂದು ಮಾತು ಕೇಳಬಹುದಿತ್ತು, ಅಣ್ಣ. ಏನಯ್ಯ, ಹುಷಾರಾಗಿದೀಯಾ ಅಂತ ಒಂದು ಮಾತು. ಅದಕ್ಕೆ ಎಷ್ಟು ಹೊತ್ತು ಬೇಕು?”

ಮಾಸ್ಟರ್ ತಲೆ ತಗ್ಗಿಸಿದರು. “ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ. ಅದನ್ನ ಕೇಳೋ ಮುಖ ನನಗಿಲ್ಲ. ನಿನಗೆ ಗೊತ್ತಿರಬೇಕು ಅನ್ನಿಸ್ತು, ಅದಕ್ಕೆ ಬಂದೆ.”

“ಕೇಳಿದ್ರೂ ಕೊಡೋಕೆ ಈಗ ನನ್ನ ಹತ್ರ ಏನೂ ಇಲ್ಲ,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮಗಳು ಎದ್ದು ಬಂದು ತಾಯಿಯ ಪಕ್ಕದಲ್ಲಿ ಕೂತಳು. ಬೀದಿಯಲ್ಲಿ ಯಾರೋ ಗಾಡಿಯನ್ನು ಒದ್ದು ಒದ್ದು ಶುರು ಮಾಡುತ್ತಿದ್ದರು. ಅದು ಕೊನೆಗೆ ಹೊತ್ತಿಕೊಂಡು ದೂರ ಹೋಯಿತು.

“ಅವರು ಹೇಳೋಕೆ ನೋಡಿದ್ರು,” ಎಂದಳು ತಾಯಿ, ಮಗಳಿಗೆ. “ಕೇಳಿದ್ಯಾ? ಅಪ್ಪ ಹೇಳೋಕೆ ನೋಡಿದ್ರಂತೆ.” ಆಗ ಅವಳಿಗೆ ಅಳು ಬಂತು. ನಾಲ್ಕು ದಿನದಲ್ಲಿ ಅದೇ ಮೊದಲ ಅಳುವೆಂದು ಮಗಳು ಆಕೆಯನ್ನು ಹಿಡಿದುಕೊಂಡ ರೀತಿಯಿಂದಲೇ ತಿಳಿಯುತ್ತಿತ್ತು. ಮಾಸ್ಟರ್ ಏಳಬೇಕೋ ಕೂರಬೇಕೋ ತಿಳಿಯದೆ ಕೂತಿದ್ದರು. ಅಳು ನಿಂತ ಮೇಲೆ ಹೊರಡಲು ಎದ್ದು ನಿಂತರು.

“ಕೂತ್ಕೊಳ್ಳಿ,” ಎಂದಳು ಅವಳು. “ಅವತ್ತಿನಿಂದ ದೇವರ ಹೆಸರು ನನ್ನ ಬಾಯಿಗೆ ಬರ್ತಿಲ್ಲ. ನೀವು ದಿನಾ ಬೆಳಿಗ್ಗೆ ಎಲ್ಲರ ಹೆಸರು ಹೇಳಿ ಬೇಡ್ಕೊಳ್ತೀರಿ ಅಂತ ಇವರು ಹೇಳ್ತಿದ್ರು. ಇವರಿಗೋಸ್ಕರ ಬೇಡ್ಕೊಳ್ಳಿ. ಮನಸ್ಸಲ್ಲಿ ಬೇಡ. ಗಟ್ಟಿಯಾಗಿ. ನನಗೆ ಕೇಳಿಸ್ಬೇಕು.”

ಮಾಸ್ಟರ್ ಮತ್ತೆ ನೆಲದ ಮೇಲೆ ಕೂತು ಕೈ ಜೋಡಿಸಿದರು. ತಾಯಿ ಮಗಳೂ ಜೋಡಿಸಿದರು. ಮೊದಲ ಮಾತು ಹೊರಡಲು ಹೊತ್ತು ಹಿಡಿಯಿತು. ಆಮೇಲೆ ಬಂತು.

“ದೇವರೇ, ನಮ್ಮ ಕಾಜಣ್ಣ ನಿನ್ನ ಹತ್ತಿರ ಬಂದಿದ್ದಾನೆ. ಅವನು ನಂಬಿದವರ ಪಕ್ಷವನ್ನು ಬಿಟ್ಟುಕೊಟ್ಟವನಲ್ಲ. ಕೊಟ್ಟ ಮಾತನ್ನು ನೋವಿನಲ್ಲೂ ಮುರಿದವನಲ್ಲ. ಕೊನೆಯ ದಿನ ಅವನು ನನ್ನನ್ನು ಕರೆದ, ನಾನು ಕೇಳಲಿಲ್ಲ. ಆ ಲೆಕ್ಕವನ್ನು ನನ್ನ ಹತ್ತಿರ ಕೇಳು, ಅವನನ್ನು ಕಾಯಿಸಬೇಡ. ಅವನ ಎದೆಯ ನೋವನ್ನು ತೆಗೆದುಬಿಡು. ಅವನ ಹೆಂಡತಿ ಮಕ್ಕಳಿಗೆ ನಿದ್ದೆ ಕೊಡು. ಅವನು ಏನು ಹೇಳಬೇಕೆಂದಿದ್ದನೋ ಅದನ್ನೆಲ್ಲ ನಿಧಾನವಾಗಿ ನಿನ್ನೆದುರು ಹೇಳಿಕೊಳ್ಳಲಿ, ನೀನು ಕೇಳಿಸಿಕೋ. ಅವನಿಗೆ ಶಾಂತಿ ಸಿಗಲಿ, ತಂದೆ. ಅವನಿಗೆ ಶಾಂತಿ ಸಿಗಲಿ.”